ಬಾಯಿ ಮುಚ್ಚಿದ ಚಿರತೆ

ಫೆಬ್ರವರಿ ಹನ್ನೆರಡರ ಬೆಳಿಗ್ಗೆ ಏಳೂವರೆಗೆ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಮಧುಗಿರಿ ಠಾಣೆಗೆ ದೂರು ತಂದರು. ಬಡವನಹಳ್ಳಿ ಗುಡ್ಡದ ಬುಡದಲ್ಲಿಟ್ಟಿದ್ದ ಬೋನಿಗೆ ರಾತ್ರಿ ಬಿದ್ದ ಚಿರತೆಯನ್ನು ಯಾರೋ ಸರಳುಗಳ ಸಂದಿಯಿಂದ ಇರಿದು ಕೊಂದು, ಹೆಣವನ್ನೂ ಹೊತ್ತೊಯ್ದಿದ್ದರು. ಇನ್‌ಸ್ಪೆಕ್ಟರ್ ಬಸವಲಿಂಗಯ್ಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಲೋಹಿತಾಳೊಂದಿಗೆ ಸ್ಥಳಕ್ಕೆ ಹೊರಟರು.

ಆ ಜಾಗಕ್ಕೆ ಅವರು ಹಿಂದಿನ ದಿನವೇ ಬಂದು ಪಂಚನಾಮೆ ಬರೆಸಿದ್ದರು. ಹಿಟ್ಟಿನ ಗಿರಣಿಯ ಕುಮಾರಸ್ವಾಮಿಯ ಆರು ವರ್ಷದ ಮಗಳು ಪ್ರಿಯಾಂಕಳನ್ನು ಚಿರತೆ ಹಿತ್ತಲಿನಿಂದ ಎಳೆದೊಯ್ದಿತ್ತು. ಬಿಡಿಸಲು ಹಿಂದೆ ಓಡಿದ ತಾಯಿ ಸಿದ್ದಗಂಗಮ್ಮ ಬಂಡೆಯಿಂದ ಬಿದ್ದು ಸೊಂಟ ಮುರಿದುಕೊಂಡು ತುಮಕೂರಿನ ಆಸ್ಪತ್ರೆ ಸೇರಿದ್ದಳು. ಗುಡ್ಡವನ್ನೆಲ್ಲ ಜಾಲಾಡಿದರೂ ಸಿಕ್ಕಿದ್ದು ಲಂಗದ ಚೂರು ಮಾತ್ರ.

"ಸಾರ್, ಮಗೀನ ಅಪ್ಪನ್ನ ಒಂದ್ ಮಾತು ಕೇಳಾಣ್ವಾ?" ಎಂದಳು ಲೋಹಿತಾ.

"ಸೇಡಿಗೆ ಕೊಂದೋನು ಹೆಣ ಬುಟ್ಟೋಯ್ತಾನೆ ಕಣಮ್ಮ. ಹೊತ್ಕೊಂಡೋಗೋನು ಚರ್ಮ ಮಾರೋನು."

ಹಾಗೆಂದವರು ಮೂರು ವಾರ ಪಾವಗಡ, ವೈ.ಎನ್.ಹೊಸಕೋಟೆ, ಆಂಧ್ರದ ಗಡಿ ಎಂದು ಜೀಪು ಸವೆಸಿದರು. ಹಳೇ ಕಳ್ಳಬೇಟೆಗಾರರನ್ನೆಲ್ಲ ಕೂರಿಸಿ ಕೇಳಿದ್ದಾಯಿತು. "ನಾಕು ತೆಲಿಯದು ಸಾರ್" ಎಂದು ತೆಲುಗಿನಲ್ಲಿ, ಗೊತ್ತಿಲ್ಲವೆಂಬ ಒಂದೇ ಉತ್ತರ. ಚಿರತೆಯಿರಲಿ, ಬೆಕ್ಕಿನ ಕೂದಲೂ ಸಿಗಲಿಲ್ಲ.

ಮಾರ್ಚ್ ಆರರಂದು ಶಿರಾದಿಂದ ಸುಳಿವು ಬಂತು. ಅಲ್ಲಿನ ಲಿಯಾಕತ್ ಅಲಿ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ನಿಲ್ಲಿಸುವ ಕಸುಬಿನವನು. ಬೇಟೆ ನಿಂತು ಎಷ್ಟೋ ಕಾಲವಾದರೂ ಬೇಟೆಯ ಜಂಬ ನಿಂತಿಲ್ಲವಲ್ಲ! ದೊಡ್ಡ ಮನೆಯವರು ಅಜ್ಜಂದಿರು ಹೊಡೆದ ಹುಲಿ, ಜಿಂಕೆಗಳ ತಲೆಗಳನ್ನು ಲೈಸೆನ್ಸ್ ಸಮೇತ ತಂದು ಅವನಲ್ಲಿ ರಿಪೇರಿ ಮಾಡಿಸಿಕೊಳ್ಳುತ್ತಿದ್ದರು.

ಅವನ ಶೆಡ್ಡಿನ ಗೋಡೆಯ ಮೇಲಿದ್ದ ತಲೆಗಳೆಲ್ಲ ಹಲ್ಲು ಕಿರಿಯುತ್ತಿದ್ದವು. ಮೂಲೆಯಲ್ಲಿ ಬಟ್ಟೆ ಸರಿಸಿದಾಗ ಚಿರತೆ ಕಂಡಿತು. ಅದು ಕಾಲು ಮಡಚಿ, ಮುಂಗಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿತ್ತು. ಬಾಯಿ ಮುಚ್ಚಿತ್ತು.

"ಯಾರು ತಂದಿದ್ದು?"

"ಹೆಸರು ಹೇಳಿಲ್ಲ ಸಾಬ್."

"ಕಾನೂನು ಗೊತ್ತಿಲ್ವಾ?"

"ಗೊತ್ತು ಸಾಬ್. ಆಗಲ್ಲ ಅಂದೆ. ಆ ಮನ್ಸ ಬಾಗಿಲಲ್ಲೇ ಕೂತು ಅತ್ಬುಟ್ಟ. ಶಿಕಾರ್ ತರೋರು ನಗ್ತಾ ಬರ್ತಾರೆ. ಅಳೋರ್ನ ನಾನು ನೋಡೇ ಇಲ್ಲ."

"ಬಾಯಿ ಯಾಕೆ ಮುಚ್ಚಿದೀಯ?"

"ಅವನೇ ಹೇಳಿದ್ದು. ಹಲ್ಲು ಕಾಣಬಾರ್ದು, ಕಾಲು ಮಡಚಿ ಕೂರಿಸ್ಬೇಕು, ಹೆಂಡ್ತಿ ಬರೋವರ್ಗೂ ಕೊಳೀಬಾರ್ದು. ಅಷ್ಟೇ ಅಂದ."

ಬಸವಲಿಂಗಯ್ಯ ಚಿರತೆಯ ಮಡಚಿದ ಕಾಲುಗಳನ್ನು ಮತ್ತೊಮ್ಮೆ ನೋಡಿದರು. ಅವರ ಮನೆಯಲ್ಲೂ ಸತ್ತವರನ್ನು ಕಾಲು ಮಡಚಿ ಕೂರಿಸಿಯೇ ಮಣ್ಣು ಮಾಡುವುದು. ತಮ್ಮ ತಂದೆಯನ್ನು ಹಾಗೆಯೇ ಕಳಿಸಿಕೊಟ್ಟಿದ್ದರು. ಲೋಹಿತಾ ಮೊದಲ ದಿನವೇ ಹೇಳಿದ್ದ ಮಾತು ನೆನಪಾಗಿ ಅವರಿಗೆ ನಾಚಿಕೆಯಾಯಿತು.

"ಒಳಗೇನು ತುಂಬಿದೀಯ?" ಪಂಚನಾಮೆಗೆ ಬೇಕಿತ್ತು, ಕೇಳಿದರು.

"ಹುಲ್ಲು ಸಾಬ್. ಮರದ ಹೊಟ್ಟು."

"ಮೊದ್ಲು ಒಳಗಿದ್ದದ್ದು?"

"ಕೆರೆ ಕಡೆ ಹಾಕ್ದೆ. ಯಾವಾಗ್ಲೂ ಅಲ್ಲೇ ಹಾಕೋದು. ನಾಯಿ ತಿಂತವೆ."

ಲೋಹಿತಾಳ ಪೆನ್ನು ನಿಂತಿತು. "ಬರ್ಕೊಳಮ್ಮ" ಎಂದರು ಬಸವಲಿಂಗಯ್ಯ.

ಚಿರತೆಯನ್ನು ಜಪ್ತಿ ಮಾಡಿ, ಲಿಯಾಕತ್‌ನನ್ನು ಜೀಪಿನಲ್ಲಿ ಕೂರಿಸಿಕೊಂಡು ಸಂಜೆ ಬಡವನಹಳ್ಳಿ ತಲುಪಿದರು. ಕುಮಾರಸ್ವಾಮಿ ತನ್ನ ಹೊಲದಲ್ಲಿ ತೋಡಿದ್ದ ಗುಂಡಿಯ ಮಣ್ಣು ಸರಿಮಾಡುತ್ತಿದ್ದ. ಒಳಗಿನ ಗೋಡೆಯಲ್ಲಿ ಮಗುವೊಂದು ಕೂರುವಷ್ಟು ಗೂಡು ಕೊರೆದಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ.

"ಬೋನಿನ ಹತ್ರ ಹೋದೋನು ನೀನೇನಾ?"

"ಊಂ ಸಾರ್. ಹಾರೇಲಿ ಚುಚ್ದೆ. ಗಿರಣಿ ಆಟೋದಾಗೆ ಹಾಕ್ಕಂಡ್ ಹೋದೆ."

"ಯಾಕೆ?"

"ಮಗು ಅದ್ರೊಳಗೈತಲ್ಲ ಸಾರ್. ಬುಟ್ಟು ಬರಕ್ಕಾಯ್ತದಾ? ಅವ್ರವ್ವ ಆಸ್ಪತ್ರೇಲವ್ಳೆ. ಅವ್ಳು ಒಂದ್ ಹಿಡಿ ಮಣ್ಣಾಕ್ದೆ ಹೆಂಗೆ ಮುಚ್ಚಾದು?" ಅವನು ಕೈ ಮುಗಿದ. "ಅದನ್ನ ಕೊಟ್ಬುಡಿ. ಮಣ್ಣು ಮಾಡಿ ನಾನೇ ಠಾಣೆಗೆ ಬತ್ತೀನಿ."

"ಆಗಲ್ಲಪ್ಪ. ಕೇಸಿನ ವಸ್ತು ಅದು. ಕೊನೇಗೆ ಕೋರ್ಟ್ ಹೇಳ್ದಾಗ ಸುಡ್ತಾರೆ."

"ಸುಡ್ತಾರಾ? ನಮ್ಮೋರ್ನ ಸುಡಾಕಿಲ್ಲ ಸಾರ್." ಗುಂಡಿಯ ಕಡೆ ನೋಡಿದ. "ಚರ್ಮ ಬೇಕಾರೆ ಸುಟ್ಕಳಿ. ಒಳಗಿರಾದ್ನ ಕೊಡಿ."

ಬಸವಲಿಂಗಯ್ಯ ಜೀಪಿನಲ್ಲಿದ್ದ ಲಿಯಾಕತ್‌ನ ಕಡೆ ನೋಡಿದರು. ಕುಮಾರಸ್ವಾಮಿ ಜೀಪಿನ ಕಡೆ ತಿರುಗಿದ. "ಸಾಬ್ರೇ, ಒಳಗಿದ್ದಿದ್ದು ಎಲ್ಲೈತೆ?"

ಲಿಯಾಕತ್ ಮುಖ ಮುಚ್ಚಿಕೊಂಡ. "ನಂಗೆ ಗೊತ್ತಿರ್ಲಿಲ್ಲ ಭಾಯ್. ಕೆರೆ ಹತ್ರ ಹಾಕ್ಬುಟ್ಟೆ. ಒಂದ್ ಮಾತು ಹೇಳಿದ್ರೆ ಹೂಳ್ತಿದ್ದೆ. ನಮ್ಮಲ್ಲೂ ಹೂಳೋದೇ."

ಕುಮಾರಸ್ವಾಮಿ ಅಳಲಿಲ್ಲ. ಗುದ್ದಲಿಯನ್ನು ಗುಂಡಿಯ ಅಂಚಿನಲ್ಲಿಟ್ಟು ತಾನಾಗಿಯೇ ಜೀಪು ಹತ್ತಿದ. ಸಂಜೆ ಆರು ಹತ್ತಕ್ಕೆ ಬಂಧನ ದಾಖಲಾಯಿತು.

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಲೇಬೇಕು. ಮಾರನೇ ದಿನ ಬಸವಲಿಂಗಯ್ಯ, ಲೋಹಿತಾ ಇಬ್ಬರೂ ತುಮಕೂರಿಗೆ ಹೋದರು. ಸಿದ್ದಗಂಗಮ್ಮ ಮಲಗಿದ್ದಲ್ಲೇ ನೋಟಿಸಿಗೆ ಸಹಿ ಹಾಕಿದಳು. ಗಂಡ ಏನು ಮಾಡಿದ್ದಾನೆಂದು ಅವಳಿಗೆ ಮೊದಲೇ ಗೊತ್ತಿತ್ತು. ದಿಂಬಿನ ಕೆಳಗಿಂದ ಒಂದು ವಿಭೂತಿ ಗಟ್ಟಿ ತೆಗೆದು ಇನ್‌ಸ್ಪೆಕ್ಟರ ಕೈಗಿಟ್ಟಳು.

"ನಾ ಬರಗಂಟ ಕಾಯಾದ್ ಬ್ಯಾಡ ಸಾರ್. ಇದ್ನ ಮಗೀನ ತೊಡೆ ಮ್ಯಾಲಿಟ್ಟು ಮುಚ್ಬುಡಿ."

"ಆಯ್ತು ಕಣಮ್ಮ" ಎಂದರು ಬಸವಲಿಂಗಯ್ಯ. ಲೋಹಿತಾ ಕಿಟಕಿಯ ಕಡೆ ತಿರುಗಿಕೊಂಡಳು.

ವಾಪಸಾಗುವಾಗ ಆ ಹೊಲದ ಬಳಿ ಜೀಪು ನಿಲ್ಲಿಸಿದರು. ಬಸವಲಿಂಗಯ್ಯ ಗುಂಡಿಗಿಳಿದು ಖಾಲಿ ಗೂಡಿನಲ್ಲಿ ವಿಭೂತಿಯಿಟ್ಟರು. ಕುಮಾರಸ್ವಾಮಿಯ ಗುದ್ದಲಿ ಅಲ್ಲೇ ಇತ್ತು. ಮಣ್ಣು ಎಳೆಯುವ ಮೊದಲು ಲೋಹಿತಾ ಒಂದು ಹಿಡಿ ತೆಗೆದು ಹಾಕಿದಳು.

ಠಾಣೆಗೆ ಬಂದು ಬಸವಲಿಂಗಯ್ಯ ವರದಿ ಬರೆಯಲು ಕುಳಿತರು. ಕೃತ್ಯದ ಉದ್ದೇಶ ಎಂಬಲ್ಲಿ 'ಮಗಳನ್ನು ಮಣ್ಣು ಮಾಡುವುದು' ಎಂದು ಬರೆದು ಸಹಿ ಹಾಕಿದರು.