ಖಾಲಿ ಊರಿಗೆ ಹೊಡೆದ ತಮಟೆ

1936ನೇ ಇಸವಿ ಜುಲೈ 22, ಬೆಳಿಗ್ಗೆ ಒಂಬತ್ತು ಗಂಟೆ. ಇನ್ಸ್‌ಪೆಕ್ಟರ್ ಪರ್ವತಯ್ಯ ಹಿಂದಿನ ದಿನವಷ್ಟೇ ಪಾವಗಡದಲ್ಲಿ ಬಂದೋಬಸ್ತು ಮುಗಿಸಿ ಮಧುಗಿರಿ ಠಾಣೆಗೆ ಮರಳಿದ್ದರು. ಮೈಕೈ ನೋವು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಕರಿಬಂಡೆಹಳ್ಳಿ ಶಾಲಾ ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನಯ್ಯ ದೂರು ಹಿಡಿದು ಬಂದರು. ಸಮಿತಿಯ ನಡವಳಿ ಪುಸ್ತಕ ಶಾಲೆಯ ಬೀರುವಿನಿಂದ ಕಳುವಾಗಿತ್ತು.

"ಅದರಲ್ಲಿ ಅಂಥದ್ದೇನಿದೆ?"

"ಹೆಣ್ಣುಮಕ್ಕಳ ಶಾಲೆ ಮುಚ್ಚೋ ಠರಾವು ಸ್ವಾಮಿ. ಶುಕ್ರವಾರ ವಿದ್ಯಾ ಇಲಾಖೆ ಸಾಹೇಬರು ಬಂದು ಮಂಜೂರು ಮಾಡ್ತಾರೆ."

"ಊರಿನವರು ಒಪ್ಪಿದ್ದಾರಾ?"

"ಆರನೇ ತಾರೀಕು ತಮಟೆ ಹೊಡೆಸಿ ಸಾರಿಸಿದೀವಿ. ಹದಿನೈದು ದಿನದಲ್ಲಿ ಒಬ್ಬರೂ ತಕರಾರು ತರಲಿಲ್ಲ."

ಪರ್ವತಯ್ಯ ಎಫ್.ಐ.ಆರ್. ಬರೆದು, ಕಾನ್‌ಸ್ಟೇಬಲ್ ಕರೀಮ್ ಸಾಬ್‌ನೊಂದಿಗೆ ಮಧ್ಯಾಹ್ನಕ್ಕೆ ಹಳ್ಳಿ ಸೇರಿದರು. ಬೀರುವಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಗೋಡೆಯ ಮೊಳೆಗೆ ರಾಜಾರೋಷವಾಗಿ ನೇತಾಡುತ್ತಿತ್ತು.

ಪುಸ್ತಕದ ವಿಷಯ ಕೇಳಿದರೆ ಊರಿನವರು ಶಾಲೆಯ ವಿಷಯಕ್ಕೆ ಬಂದರು. ನಾಗರತ್ನಮ್ಮನ ಇಬ್ಬರು ಹೆಣ್ಣುಮಕ್ಕಳು ಅಲ್ಲಿ ಓದುತ್ತಿದ್ದರು.

"ಇಸ್ಕೂಲ್ ಮುಚ್ತಾರಾ? ನಮ್ಗೆ ಯಾರು ಹೇಳವ್ರೆ?"

"ಆರನೇ ತಾರೀಕು ತಮಟೆ ಕೇಳಲಿಲ್ವಾ?"

"ಅವತ್ತು ಬಡವನಹಳ್ಳಿ ಸಂತೆ ಸ್ವಾಮಿ. ಊರಾಗೆ ಒಂದ್ ನರಪಿಳ್ಳೆ ಇರಲಿಲ್ಲ."

ಸಂತೆಗೆ ಹೋಗದೆ ಉಳಿದವರು ಕಣ್ಣು ಕಾಣದ ಶಿವರುದ್ರಮ್ಮ ಒಬ್ಬರೇ.

"ಗಂಗಹನುಮಯ್ಯ ನಂಗೊಬ್ಳಿಗೇ ಪೂರ್ತಿ ಸಾರ್ದ ಕಣಪ್ಪ. ಆಮೇಲೆ ಇಲ್ಲೇ ಜಗಲಿ ಕೆಳ್ಗೆ ಕುಂತ್ಕಂಡು ಅತ್ಬುಟ್ಟ. ಮನೇಲಿ ಹೇಳಿದ್ರೆ, ಮುದುಕಿಗೆ ಅರಳುಮರಳು ಅಂದ್ರು."

ತಮಟೆಯ ಗಂಗಹನುಮಯ್ಯನೇ ದಿನಾ ಬೆಳಿಗ್ಗೆ ಶಾಲೆ ಗುಡಿಸುವವನು. ನಾಲ್ಕು ಗಂಟೆಗೆ ಇಬ್ಬರು ಪಂಚರ ಮುಂದೆ ಅವನ ಗುಡಿಸಲನ್ನು ಶೋಧಿಸಿದರು. ತಮಟೆ ಕಾಯಿಸಲು ಕೂಡಿಟ್ಟಿದ್ದ ಒಣಹುಲ್ಲಿನ ಅಡಿಯಲ್ಲಿ, ಒಗೆದ ಪಂಚೆಯಲ್ಲಿ ಸುತ್ತಿದ ಪುಸ್ತಕ ಸಿಕ್ಕಿತು. ಅವನು ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ.

"ಯಾಕೆ ತಗೊಂಡೆ?"

"ಸುಡಾನಾ ಅಂತ ಬುದ್ದಿ. ಸಂತೆ ದಿನವೇ ಹೊಡಿ ಅಂದ್ರು ಅಧ್ಯಕ್ಷರು, ಹೊಡ್ದೆ. ಕೂಲಿಗೆ ಅಂತ ಈ ಪುಸ್ತಕದಾಗೆ ಹೆಬ್ಬೆಟ್ಟು ಒತ್ತಿಸ್ಕಂಡ್ರು. ಮೊನ್ನೆ, ಯಾರ್ಗೂ ಕೇಳಿಲ್ಲ ಸ್ವಾಮಿ ಅಂದ್ರೆ, ಊರೆಲ್ಲಾ ಕೇಳ್ತು ಅಂತ ನೀನೇ ಒತ್ತಿದ್ದೀಯಲ್ಲೋ ಅಂದ್ರು. ನನ್ ಮೊಮ್ಮಗಳು ಇಂದ್ರಮ್ಮ ಅದೇ ಇಸ್ಕೂಲ್ನಾಗೆ ಮೂರನೇ ಕ್ಲಾಸು."

"ಸುಡಲಿಲ್ಲವಲ್ಲ?"

"ಎಲ್ಡು ಸಾರಿ ಹುಲ್ಲಿಗೆ ಬೆಂಕಿ ಹಚ್ಚಿದೆ. ಎಲ್ಡು ಸಾರೀನೂ ಪುಸ್ತಕ ಪಕ್ಕಕ್ಕಿಟ್ಟೆ. ಅಕ್ಸರ ಹೆಂಗ್ ಸುಡಾದು ಬುದ್ದಿ? ಆ ಮಗಾ ಕಲೀತಿರಾದು ಅದೇಯ."

'ಒಂದು ಪುಸ್ತಕ' ಎಂದು ಪಂಚನಾಮೆ ಬರೆದು ಪರ್ವತಯ್ಯ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದಿತ್ತು. ಮೈ ಅದನ್ನೇ ಬೇಡುತ್ತಿತ್ತು. ಆದರೂ ಅವರು ಎಲ್ಲರನ್ನೂ ಚಾವಡಿಗೆ ಕರೆಸಿದರು.

"ಓದು ಕರೀಮ್ ಸಾಬ್. ಪ್ರತಿ ಪುಟ. ಗಟ್ಟಿಯಾಗಿ."

"ಅದು ಸಮಿತಿ ಒಳಗಿನ ವಿಷಯ ಸ್ವಾಮಿ," ಎಂದರು ಮಲ್ಲಿಕಾರ್ಜುನಯ್ಯ.

"ಕಳುವಿನ ಮಾಲು. ಅದರಲ್ಲೇನಿದೆ ಅಂತ ಪಂಚರಿಗೆ ಗೊತ್ತಾಗಬೇಕು."

ಹೊಲದಿಂದ ಬಂದವರೆಲ್ಲ ಕೇಳುತ್ತ ನಿಂತರು. ಹನ್ನೊಂದನೇ ಪುಟದಲ್ಲಿ ಹೀಗಿತ್ತು: ಶಾಲೆ ಮುಚ್ಚಿದ ಬಳಿಕ ಕಟ್ಟಡವನ್ನು ಹುಣಸೆಹಣ್ಣು ತುಂಬಲು ಅಧ್ಯಕ್ಷರಿಗೇ ಬಿಟ್ಟುಕೊಡತಕ್ಕದ್ದು.

"ಇದಕ್ಕೇನಾ ಸಂತೆ ದಿನ ನೋಡ್ಕಂಡು ಸಾರ್ಸಿದ್ದು?" ಎಂದರು ನಾಗರತ್ನಮ್ಮ.

ಸಂಜೆ 6-40ಕ್ಕೆ ಚಾವಡಿಯಲ್ಲೇ, ಎಲ್ಲರ ಮುಂದೆ ಗಂಗಹನುಮಯ್ಯನನ್ನು ದಸ್ತಗಿರಿ ಮಾಡಲಾಯಿತು. ಕಳವು ಕಳವೇ. ಅದನ್ನು ಬರೆಯುವಾಗ ಪರ್ವತಯ್ಯನವರಿಗೆ ನಾಚಿಕೆಯಾಯಿತು. ಅವನ ಹೇಳಿಕೆಯ ಒಂದು ಪ್ರತಿ ಶುಕ್ರವಾರ ಬರುವ ಸಾಹೇಬರಿಗೂ ಹೋಗಬೇಕೆಂದು ಕೆಳಗೆ ಬರೆದು, ಕಾಗದವನ್ನೂ ಮಸಿಯನ್ನೂ ಮುಂದಕ್ಕೆ ಸರಿಸಿದರು.

"ಹೆಬ್ಬೆಟ್ಟು ಒತ್ತು."

ಗಂಗಹನುಮಯ್ಯ ಕೈ ಹಿಂದಕ್ಕೆ ಎಳೆದುಕೊಂಡ. "ಮದ್ಲು ಓದಿ ಬುದ್ದಿ."

ಎಷ್ಟು ವರ್ಷಗಳಿಂದ ಎಷ್ಟು ಹೆಬ್ಬೆಟ್ಟುಗಳನ್ನು ಓದದೆಯೇ ಒತ್ತಿಸಿಕೊಂಡಿದ್ದರೋ, ಪರ್ವತಯ್ಯನವರಿಗೇ ಲೆಕ್ಕವಿರಲಿಲ್ಲ. ಕೂತಲ್ಲೇ, ಸಣ್ಣ ದನಿಯಲ್ಲಿ ಓದತೊಡಗಿದರು.

"ಇನ್ನೂ ವಸಿ ಗಟ್ಟಿಯಾಗಿ ಬುದ್ದಿ," ಎಂದ ಗಂಗಹನುಮಯ್ಯ. "ಹಿಂದ್ಗಡೆ ನಿಂತವ್ರಿಗೂ ಕೇಳ್ಬೇಕು."

ಪರ್ವತಯ್ಯ ಎದ್ದು ನಿಂತು ಮೊದಲಿನಿಂದ ಓದಿದರು.