ಡ್ರೈವರ್ ಮಾಡಿದ ಇಂಟರ್‌ವ್ಯೂ

ಪ್ರೇಮ ಕಥೆ ಹೇಳಲು ನಿನಗೇನು ಅರ್ಹತೆ ಎಂದು ಯಾರಾದರೂ ಕೇಳಬಹುದು. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸಂಜೆ ಕಾಲೇಜಿನಲ್ಲಿ ಓದಿದವಳು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಸೂಜಿ ಹಿಡಿದರೆ ಕೈ ನಡುಗುವುದಿಲ್ಲ, ಪೆನ್ನು ಹಿಡಿದರೆ ನಡುಗುತ್ತದೆ. ಆದರೂ ಬರೆಯುತ್ತಿದ್ದೇನೆ.

ವಿದೇಶದ ಒಂದು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದೆ. ಹೊರದೇಶದವರಿಗೆ ಅಲ್ಲಿರುವ ಸೀಟು ಬೆರಳೆಣಿಕೆಯಷ್ಟು. ಪ್ರವೇಶ ಪರೀಕ್ಷೆ ಪಾಸಾಗಿತ್ತು. ವಿಡಿಯೋ ಇಂಟರ್‌ವ್ಯೂ ಒಂದು ಉಳಿದಿತ್ತು. ಅದು ಕೈತಪ್ಪಿದರೆ ಇನ್ನೊಂದು ಸಲಕ್ಕೆ ನನ್ನ ಹತ್ತಿರ ಧೈರ್ಯವೂ ಇರಲಿಲ್ಲ, ರಜೆಯೂ ಇರಲಿಲ್ಲ.

ಅಭ್ಯಾಸಕ್ಕೆ ಪ್ರಶ್ನೆ ಕೇಳುವವರು ಬೇಕಿತ್ತು. ಡಾಕ್ಟರುಗಳಿಗೆ ಪುರುಸೊತ್ತಿಲ್ಲ, ಮನೆಯಲ್ಲಿ ಅಕ್ಕನಿಗೆ ತಾಳ್ಮೆಯಿಲ್ಲ. ಸಿಕ್ಕಿದವರು ಆಂಬುಲೆನ್ಸ್ ಡ್ರೈವರ್.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಡ್ರೈವರಣ್ಣ ಎನ್ನುತ್ತಾರೆ. ನನಗೆ ಮಾತ್ರ ಆ ‘ಅಣ್ಣ’ ನಾಲಿಗೆಗೆ ಬರುವುದಿಲ್ಲ. ಯಾಕೆಂದು ಅಕ್ಕ ಕೇಳಿದ ದಿನ ನನಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದಿತ್ತು.

ಊಟದ ಬಿಡುವಿನಲ್ಲಿ ಲ್ಯಾಬಿನ ಬಾಗಿಲು ಅರ್ಧ ತೆರೆದಿಟ್ಟು ಕೂರುತ್ತಿದ್ದೆವು. ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ದೊಡ್ಡ ಮನುಷ್ಯರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

“ಹ್ಞೂ, ಡಾಕ್ಟ್ರೇ, ಯಾಕೆ ಡಾಕ್ಟರ್ ಆಗ್ಬೇಕು?”

“ಇನ್ನೂ ಆಗಿಲ್ಲ ನಾನು. ಹಾಗನ್ಬೇಡಿ.”

“ಆಗೋರನ್ನೇ ಅನ್ನೋದು. ಉತ್ತರ ಹೇಳಿ.”

“ಜನರ ಸೇವೆ ಮಾಡೋಕೆ.”

“ಸುಳ್ಳು.” ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟಿದರು.

“ಸುಳ್ಳು ಯಾಕಾಗುತ್ತೆ? ಎಲ್ಲರೂ ಇದನ್ನೇ ಹೇಳೋದು.”

“ಅದಕ್ಕೇ ಅಂದಿದ್ದು. ಎಲ್ಲರ ಉತ್ತರ ನನಗ್ಯಾಕೆ?”

ಯೋಚಿಸಿದೆ. “ರಕ್ತ ತೆಗೆಯೋಳು ನಾನು, ರಿಪೋರ್ಟ್ ಕೊಡೋಳು ನಾನು. ಆಮೇಲೆ ಆ ಮನುಷ್ಯನಿಗೆ ಏನಾಯ್ತು ಅಂತ ನಂಗೆ ಯಾರೂ ಹೇಳಲ್ಲ. ನಂಗೆ ಕೊನೇವರೆಗೂ ಗೊತ್ತಾಗ್ಬೇಕು. ಅವರ ಜೊತೆ ಇರ್ಬೇಕು.”

ಈ ಸಲ ಮೇಜು ಕುಟ್ಟಲಿಲ್ಲ. ಕಣ್ಣೆತ್ತಿ ನೋಡಿದರು, ನೋಡಿದ್ದು ಸ್ವಲ್ಪ ಹೆಚ್ಚೇ ಆಯಿತು. ನಾನು ಟ್ಯೂಬುಗಳನ್ನು ಜೋಡಿಸತೊಡಗಿದೆ, ಆಗಲೇ ಜೋಡಿಸಿಟ್ಟಿದ್ದವನ್ನೇ.

ಇಂಟರ್‌ವ್ಯೂ ಹಿಂದಿನ ದಿನ ಕೇಳಿದರು, “ಕೊನೇ ಪ್ರಶ್ನೆ. ಅಷ್ಟು ದೂರ, ಆರು ವರ್ಷ. ಒಬ್ಬರೇ ಹೇಗಿರ್ತೀರಿ?”

“ನಾನು ಎಲ್ಲಿಗಾದ್ರೂ ಬೇಗ ಹೊಂದ್ಕೋತೀನಿ.”

“ಸುಳ್ಳು.”

“ಹೊಸ ಸ್ನೇಹಿತರನ್ನ ಮಾಡ್ಕೋತೀನಿ.”

“ಮಹಾ ಸುಳ್ಳು! ಕ್ಯಾಂಟೀನಲ್ಲಿ ಗೋಡೆ ಕಡೆ ತಿರುಗಿ ಊಟ ಮಾಡೋರು ನೀವು.”

ನನಗೆ ಸಿಟ್ಟು ನೆತ್ತಿಗೇರಿತು. “ಸರಿ, ನಿಜ ಕೇಳಿ ಹಾಗಾದ್ರೆ. ಅಲ್ಲಿ ಸೈರನ್ ಕೇಳಿದಾಗಲೆಲ್ಲ ಕಿಟಕಿಗೆ ಓಡ್ತೀನಿ. ಇಳಿಯೋದು ನೀವಾಗಿರಲ್ಲ. ಅಳ್ತೀನಿ, ಮುಖ ತೊಳ್ಕೊಂಡು ಬಂದು ಓದ್ತೀನಿ. ಆದ್ರೂ ಹೋಗೇ ಹೋಗ್ತೀನಿ. ಸಾಕಾ?”

ಅವರ ಕಿವಿಗಳು ಕೆಂಪಾದವು. ಮೇಲಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು.

“ಇದನ್ನ ನಾಳೆ ಅಲ್ಲಿ ಹೇಳ್ಬಿಟ್ಟೀರಿ ಮತ್ತೆ! ಸೀಟು ಕೊಡಲ್ಲ.”

“ಸುಳ್ಳು ಅನ್ಲಿಲ್ಲ ನೀವು.”

“ಅನ್ನೋಕೆ ಬಾಯಿ ಬರ್ಲಿಲ್ಲ.” ಎದ್ದು ನಿಂತರು. “ಡಾಕ್ಟ್ರೇ, ಕೆಂಪು ದೀಪಕ್ಕೆ ನಿಂತು ಅಭ್ಯಾಸ ಇಲ್ಲದ ಮನುಷ್ಯ ನಾನು. ಆದ್ರೂ ಕಾಯೋದು ಕಲೀತೀನಿ.”

“ಯಾರಿಗೋಸ್ಕರ?” ಗೊತ್ತಿದ್ದೂ ಕೇಳಿದೆ.

“ಅದನ್ನೂ ಬಾಯಿ ಬಿಟ್ಟು ಹೇಳ್ಬೇಕಾ?”

“ಇಂಟರ್‌ವ್ಯೂ ಅಲ್ವಾ? ಹೇಳ್ಬೇಕು.”

ಹೇಳಿದರು. ಅದನ್ನು ಇಲ್ಲಿ ಬರೆಯಲಾರೆ. ಇದನ್ನು ಅಕ್ಕನೂ ಓದುತ್ತಾಳೆ. ನನ್ನ ಕೈ ಅವರ ಕೈಯೊಳಗಿತ್ತು, ಅರ್ಧ ತೆರೆದ ಬಾಗಿಲನ್ನು ಇಬ್ಬರೂ ಮರೆತಿದ್ದೆವು ಎಂದಷ್ಟೇ ಹೇಳಬಲ್ಲೆ.

ಮರುದಿನ ಪರದೆಯ ಮೇಲಿದ್ದ ಹಿರಿಯ ಡಾಕ್ಟರಮ್ಮ ಅಷ್ಟು ದೂರ ಒಬ್ಬರೇ ಹೇಗಿರುತ್ತೀರಿ ಎಂದೇ ಕೇಳಿದರು. ಕಷ್ಟವಾಗುತ್ತದೆ, ನನಗೆ ಬೇಕಾದವರೊಬ್ಬರು ಇಲ್ಲಿದ್ದಾರೆ, ಆದರೂ ಬರುತ್ತೇನೆ ಎಂದೆ. ನನ್ನ ಧ್ವನಿ ಎಲ್ಲಿಯೂ ಮುಗ್ಗರಿಸಲಿಲ್ಲ. ಅವರು ತಲೆ ತಗ್ಗಿಸಿ ಏನೋ ಬರೆದುಕೊಂಡರು.

ಏನು ಬರೆದುಕೊಂಡರೋ ತಿಳಿಯದು. ಫಲಿತಾಂಶ ಇನ್ನೂ ಬಂದಿಲ್ಲ. ಸೀಟು ಸಿಕ್ಕೇ ಸಿಗುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ, ಜೀವನದಲ್ಲಿ ಮೊದಲ ಸಲ ಅದರ ಮಾತನ್ನು ನಂಬುತ್ತಿದ್ದೇನೆ. ಆದರೆ ಆರು ವರ್ಷ ನಮ್ಮಿಬ್ಬರನ್ನು ಏನು ಮಾಡುತ್ತದೆ ಎಂಬುದು ನನಗೆ ನಿಜಕ್ಕೂ ಗೊತ್ತಿಲ್ಲ.