ದುಂಡು ಕತ್ತಿನ ಬೋಲ್ಟು

ಕತ್ತು ದುಂಡಗಿದ್ದ ಬೋಲ್ಟು ಎಡಗಡೆಯ ಡಬ್ಬಿಗೆ, ಇಳಿಜಾರಿನದು ಬಲಗಡೆಗೆ. ನಿನ್ನೆ ಬೇರ್ಪಡಿಸಿದ್ದನ್ನೇ ಅವಳು ಇವತ್ತೂ ಬೇರ್ಪಡಿಸುತ್ತಿದ್ದಳು. ನಾಲ್ಕು ವರ್ಷದಿಂದ ಆ ಕಾರು ಬಿಡಿಭಾಗದ ಅಂಗಡಿಯಲ್ಲಿ ಅವಳಿಗೆ ಹೊತ್ತು ಹೋಗುವುದೇ ಹೀಗೆ. ತೀರಿಕೊಂಡ ತಮ್ಮ ಕೌಂಟರಿನ ಆಚೆ ಕೈಚಾಚಿ ನಿಂತಿರುತ್ತಾನೆ. 'ಬೇಗ ಕೊಡಕ್ಕಾ...'

ತಲೆ ಎತ್ತಿದರೆ ಯಾರೂ ಇರುವುದಿಲ್ಲ.

ಇವತ್ತು ಇದ್ದ. ತಮ್ಮನಲ್ಲ, ಚಕ್ರ ಜೋಡಿಸುವ ಮೇಸ್ತ್ರಿ. ಅವಳ ಕೈಹಿಡಿಯಬೇಕಿದ್ದವನು. ಅಮ್ಮ ಈಗಲೂ ದಿನಕ್ಕೆರಡು ಬಾರಿ ಶಾಪ ಹಾಕುವುದು ಇವನಿಗೇ.

ಅವಳು ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡಳು.

"ಹಳೇ ಕಾರು," ಎಂದ ಅವನು, ನೆಲ ನೋಡುತ್ತ. "ಗಿರಾಕಿ ಸೆಕೆಂಡ್ ಹ್ಯಾಂಡ್ ಅಲಾಯ್ ಚಕ್ರ ತಂದಿದ್ದಾರೆ. ಮೊದಲಿನ ಬೋಲ್ಟು ಗಿಡ್ಡ. ಉದ್ದದ್ದು ಬೇಕು, ಇಳಿಜಾರು ಕತ್ತಿಂದು. ಬೇರೆಲ್ಲೂ ಸಿಗಲಿಲ್ಲ. ಇಲ್ಲದಿದ್ರೆ ನಿಮಗೆ ತೊಂದರೆ ಕೊಡ್ತಿರಲಿಲ್ಲ."

ನಿಮಗೆ... ಆ ಮಾತು ಚುಚ್ಚಿತು.

ಅವನು ಅವಳು ಕೊಟ್ಟ ಬೋಲ್ಟಿನ ಕತ್ತಿಗೆ ಸೀಮೆಸುಣ್ಣ ಬಳಿದು, ಹೊತ್ತು ತಂದಿದ್ದ ಚಕ್ರದ ತೂತಿಗಿಟ್ಟು ತಿರುಗಿಸಿ ತೆಗೆದ. ತೂತಿನ ಸುತ್ತ ಬಿಳಿ ಬಳೆ ಮೂಡಿತ್ತು. ಸರಿಯಾಗಿ ಕೂತಿದೆ.

"ಅವತ್ತೂ ಹೀಗೆ ನೋಡಿದ್ದಿದ್ರೆ ನನ್ನ ತಮ್ಮ ಇರ್ತಿದ್ದ," ಎಂದಳು.

"ನೋಡಿದ್ದೆ. ಸರಿಯಾದ ಬೋಲ್ಟು ಬರೋವರೆಗೂ ಅವನ ಅಲಾಯ್ ಚಕ್ರ ಹಾಕಲ್ಲ ಅಂತ ಹಳೇ ಚಕ್ರದಲ್ಲೇ ಕಳಿಸಿದ್ದೆ. ಅವನಿಗೆ ತಾಳ್ಮೆ ಎಲ್ಲಿತ್ತು? ತಾನೇ ಹಾಕ್ಕೊಂಡ."

ಅವಳ ಕೈಯಿಂದ ಡಬ್ಬಿ ಜಾರಿತು.

ಆ ಸಂಜೆ ತಮ್ಮ ಬೋಲ್ಟು ಕೇಳಿದ್ದು ಅವಳನ್ನೇ. ಕಿವಿಗೆ ಫೋನು, ಬಾಯಿತುಂಬ ನಗು, ಕೈಗೆ ಸಿಕ್ಕ ದುಂಡು ಕತ್ತಿನದನ್ನೇ ಕೊಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ. 'ಕೊಟ್ಟವಳು ನಾನಾದರೂ ನೋಡಿ ಹಾಕಬೇಕಾದವನು ಮೇಸ್ತ್ರಿಯಲ್ಲವೇ' ಎಂಬ ಒಂದೇ ಆಸರೆಯಲ್ಲಿ ಬದುಕಿದ್ದಳು. ದುಂಡು ಕತ್ತಿನದು ಇಳಿಜಾರು ತೂತಿನಲ್ಲಿ ಬಿಗಿಯಾದಂತೆ ಕಾಣುತ್ತದೆ, ಅಂಚಿನ ಮೇಲಷ್ಟೇ ನಿಂತಿರುತ್ತದೆ. ನಲವತ್ತು ಮೈಲಿಗೆ ತಮ್ಮನ ಕಾರಿನ ಚಕ್ರ ಕಳಚಿತ್ತು.

"ಕೊಟ್ಟಿದ್ದು ನಾನು," ಎಂದಳು.

"ಗೊತ್ತು."

"ಹೇಗೆ?"

"ಫೋನಲ್ಲಿ ಇದ್ದವನು ನಾನೇ ಅಲ್ವಾ? ಅವನು ಉದ್ದದ ಬೋಲ್ಟು ಕೇಳಿದ್ದು ಕೇಳಿಸ್ತು. ಯಾವುದು ಕೊಟ್ಟೆ ಅಂತ ಕೇಳಬೇಕಿತ್ತು. ನೀನು ನಗ್ತಾ ಇದ್ದೆ... ಮಾತು ಮುರಿಯೋಕೆ ಮನಸ್ಸು ಬರಲಿಲ್ಲ."

"ಊರೆಲ್ಲ ನಿನ್ನ ಬೈದಾಗ ಬಾಯಿ ಬಿಡಬಾರದಿತ್ತಾ?"

"ಬಿಟ್ಟಿದ್ರೆ ನಿಮ್ಮಮ್ಮ ಯಾರನ್ನ ಬೈತಿದ್ರು?"

ಅವಳು ಅಳಲಿಲ್ಲ. ಬಗ್ಗಿ ಬೋಲ್ಟುಗಳನ್ನು ಆಯತೊಡಗಿದಳು. ಅವನೂ ಎದುರಿಗೆ ಕೂತು ಆಯ್ದ.

"ಐವತ್ತು ಮೈಲಿ ಓಡಿದ ಮೇಲೆ ಇನ್ನೊಂದ್ಸಲ ಬಿಗಿ ನೋಡಬೇಕು," ಎಂದ ಹೊರಡುವಾಗ.

"ನೋಡಿ ಬಂದು ಹೇಳು."

"ನಾಳೆ ನಿಮ್ಮಮ್ಮ ಅಂಗಡೀಲಿ ಇರ್ತಾರಲ್ಲ?"

"ಇರ್ಲಿ. ಬಾ."

ಅವನು ಚಕ್ರ ಹೊತ್ತು ಬೀದಿ ದಾಟಿದ. ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅಮ್ಮ ಕೂಗಿದಳು, "ಯಾರೇ ಅದು?"

"ಗಿರಾಕಿ ಅಮ್ಮ. ಊಟಕ್ಕೆ ಬಂದೆ."

ಅಮ್ಮ ನೆಮ್ಮದಿಯಾಗಿ ಉಣ್ಣಲಿ. ಕೈ ತೊಳೆದು ಬಂದು ಕೂತ ಮೇಲೆ, ಆ ಸಂಜೆ ಬೋಲ್ಟು ಕೊಟ್ಟ ಕೈ ಯಾರದೆಂದು ಹೇಳುವುದು. ಅವಳು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ನಡೆದಳು.